ಸೊನ್ನೆ ಊಟ

ಊಟಕ್ಕೆ ನೆಪ ಹುಡುಕುವುದರಲ್ಲಿ ಹುಬ್ಬಳ್ಳಿಯವರು ಯಾರಿಗೂ ಕಮ್ಮಿಯಿಲ್ಲ. ಹೊಸ ಗಾಡಿ ಬಂದರೆ ಊಟ, ಮಗ ಮೂರನೆಯ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾದರೆ ಊಟ, ಪಕ್ಕದ ಮನೆಯವರ ಕೋರ್ಟು ಕೇಸು ಮುಂದಕ್ಕೆ ಹೋದರೂ ಊಟ. ಹಾಗಿರುವಾಗ ಎದೆಯೊಳಗಿನ ಮದ್ದು ಮುಗಿದದ್ದಕ್ಕೂ ಒಂದು ಊಟ ಹುಟ್ಟಿಕೊಂಡಿದ್ದರಲ್ಲಿ ಆಶ್ಚರ್ಯವೇನಿದೆ? ಅದಕ್ಕೆ ಸೊನ್ನೆ ಊಟ ಎಂದು ಹೆಸರು. ಡಾಕ್ಟರು ಹೇಳಿದ್ದಲ್ಲ, ಕಂಪನಿ ಹೇಳಿದ್ದಲ್ಲ. ಜನ ತಾವಾಗಿಯೇ ಮಾಡಿಕೊಂಡದ್ದು.

ಅಂಟಿಲ್ಲದ ಸ್ಟೆಂಟು ಬಂದ ಮೇಲಿನ ಮಾತಿದು. ಸ್ಟೆಂಟೆಂದರೆ ಹೃದಯದ ಕಟ್ಟಿಕೊಂಡ ರಕ್ತನಾಳವನ್ನು ಅಗಲಿಸಿ ಹಿಡಿಯುವ ಲೋಹದ ಜಾಲರಿ. ನಮ್ಮ ಜನ ಅದನ್ನು ಸ್ಪ್ರಿಂಗ್ ಎಂದೇ ಕರೆಯುತ್ತಾರೆ. ನಾಳದ ಗೋಡೆ ಮತ್ತೆ ಬೆಳೆದು ಜಾಲರಿಯನ್ನೇ ಮುಚ್ಚಿಬಿಡದಂತೆ ಅದರ ಮೈಗೆ ಮದ್ದು ಬಳಿದಿರುತ್ತಾರೆ. ಹಿಂದೆ ಆ ಮದ್ದು ಲೋಹಕ್ಕೆ ಹತ್ತಿಕೊಂಡು ನಿಲ್ಲಲು ಪಾಲಿಮರ್ ಎಂಬ ಅಂಟು ಬೇಕಿತ್ತು. ಮದ್ದು ಕೆಲವು ತಿಂಗಳಲ್ಲಿ ಮುಗಿದರೂ ಅಂಟು ಉಳಿದು ಕೆಲವರ ನಾಳವನ್ನು ಕೆರಳಿಸುತ್ತಿತ್ತು. ಅದರ ಹೆದರಿಕೆಗೆ ರಕ್ತ ತೆಳುಮಾಡುವ ಗುಳಿಗೆಯನ್ನು ಬಹಳ ಕಾಲ ನುಂಗಬೇಕಾಗುತ್ತಿತ್ತು. ಹೊಸದರಲ್ಲಿ ಅಂಟೇ ಇಲ್ಲ. ಲೋಹದ ಮೈಯಲ್ಲೇ ಕಣ್ಣಿಗೆ ಕಾಣದ ಲಕ್ಷಾಂತರ ಕುಳಿಗಳು, ಕುಳಿಗಳ ತುಂಬ ಮದ್ದು. ಅದು ದಿನಕ್ಕಿಷ್ಟೆಂದು ಹೊರಬರುವಷ್ಟರಲ್ಲಿ ಜಾಲರಿಯ ಮೇಲೆ ತೆಳ್ಳನೆಯ ಹೊಸ ಚರ್ಮ ಹರಡಿಕೊಳ್ಳುತ್ತದೆ. ನಾಲ್ಕನೆಯ ತಿಂಗಳಿಗೆ ಮದ್ದು ಮುಗಿಯುತ್ತದೆ, ಚರ್ಮ ಮುಚ್ಚುತ್ತದೆ, ಗುಳಿಗೆ ನಿಲ್ಲಿಸಬಹುದು.

ಮದ್ದು ಮುಗಿಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೊಂದು ಅಂಗೈಯಗಲದ ಮೀಟರ್. ಎದೆಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಒಳಗಿನ ಜಾಲರಿಯನ್ನು ಸಣ್ಣಗೆ ಮಿಡಿಸಿ, ಅದರ ಮರುದನಿ ಕೇಳಿ, ನೂರಕ್ಕೆ ಎಷ್ಟು ಮದ್ದು ಉಳಿದಿದೆ ಎಂದು ತೋರಿಸುತ್ತದೆ. ತುಂಬಿದ ಕೊಡ, ಖಾಲಿ ಕೊಡ ಎರಡನ್ನೂ ಬಡಿದು ನೋಡಿದವರಿಗೆ ಇದರಲ್ಲಿ ಹೊಸತೇನಿಲ್ಲ. ಮೀಟರ್ ಬಂದದ್ದೇ ತಡ, ಕಟ್ಟೆಯ ಮೇಲೆ ಕೂರುವ ಹಿರಿಯರು ಸಕ್ಕರೆ, ಬಿಪಿಯ ಮಾತು ಬಿಟ್ಟು ಇದರ ಹಿಂದೆ ಬಿದ್ದರು. ನಿಮ್ಮದು ಎಷ್ಟಕ್ಕೆ ಬಂತು, ನನ್ನದು ಇಷ್ಟಕ್ಕೆ ಇಳಿಯಿತು ಎಂದು ಪೈಪೋಟಿ. ಯಾರದು ಬೇಗ ಇಳಿಯುತ್ತದೋ ಅವರ ಮೈ ಗಟ್ಟಿ ಎಂಬುದು ಜನರೇ ಮಾಡಿಕೊಂಡ ಲೆಕ್ಕ. ಸೊನ್ನೆ ಬಂದ ದಿನ ಗುಳಿಗೆಯ ಡಬ್ಬಿ ಕಸದ ಬುಟ್ಟಿಗೆ ಹೋಗುತ್ತಿತ್ತು, ಹತ್ತು ಮಂದಿಗೆ ಊಟ ಬೀಳುತ್ತಿತ್ತು. ಡಾಕ್ಟರುಗಳೂ ಮೊದಮೊದಲು ಬಂದು ತೋರಿಸಿ ಎನ್ನುತ್ತಿದ್ದವರು ಬರಬರುತ್ತಾ, ಸೊನ್ನೆ ಬಂದರೆ ನಿಲ್ಲಿಸಿಬಿಡಿ ಎಂದು ಮೊದಲೇ ಹೇಳಿ ಕಳಿಸತೊಡಗಿದರು.

ಆ ಬುಧವಾರ ಮುಂಜಾನೆ ಹಳೇ ಹುಬ್ಬಳ್ಳಿಯ ದಾಕ್ಷಾಯಣಿಯ ಮೀಟರಿನಲ್ಲಿ ಸೊನ್ನೆ ಬಂತು.

ದಾಕ್ಷಾಯಣಿ ಖಾನಾವಳಿ ನಡೆಸುವವಳು. ಅವಳ ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಣಿ ಏಳುತ್ತದೆ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ತಾಯಿ ತೀರಿಹೋದಾಗ ತಂಗಿ ನೀಲಾಂಬಿಕೆ ಇನ್ನೂ ಸಣ್ಣವಳು. ಅಕ್ಕನೇ ಒಲೆಯ ಮುಂದೆ ಕೂತು ಅವಳನ್ನು ಬೆಳೆಸಿ, ಇಂಜಿನಿಯರಿಂಗ್ ಓದಿಸಿದಳು. ಈಗ ನೀಲಾಂಬಿಕೆ ಊರ ಹೊರಗಿನ ಸ್ಟೆಂಟ್ ಕಂಪನಿಯಲ್ಲಿ ಮದ್ದು ತುಂಬುವ ವಿಭಾಗದ ಮುಖ್ಯಸ್ಥೆ. ಮನೆ ನವನಗರದಲ್ಲಾದರೂ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಕ್ಕನ ಹತ್ತಿರ ಬಂದು ರೊಟ್ಟಿಯ ಗಂಟು ಒಯ್ಯುವುದು ದಿನದ ರೂಢಿ. ಅಕ್ಕನಿಗೆ ಎದೆನೋವು ಬಂದು ಸ್ಟೆಂಟ್ ಹಾಕಬೇಕಾದಾಗ, ತನ್ನ ಕಂಪನಿಯದನ್ನೇ ಹಾಕಿಸಿದ್ದಳು. ಅದರ ಬಗ್ಗೆ ಅವಳಿಗೆ ಅಷ್ಟು ಭರವಸೆ, ಸ್ವಲ್ಪ ಜಂಬವೂ ಇತ್ತು.

"ಏ ನೀಲೀ, ಇಲ್ಲಿ ನೋಡ!" ದಾಕ್ಷಾಯಣಿ ಮೀಟರನ್ನು ತಂಗಿಯ ಮೂಗಿಗೆ ತಾಗುವಂತೆ ಹಿಡಿದಳು. "ಸೊನ್ನಿ! ಹುದ್ದಾರ ಮಾಸ್ತರ್ದು ಇನ್ನೂ ಮೂವತ್ತಕ್ಕ ನಿಂತೈತಿ. ನನಗಿಂತ ಮೊದ್ಲ ಹಾಕಿಸ್ಕೊಂಡಾರ ಅವ್ರು."

ಮೂಲೆಯ ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ ಹುದ್ದಾರ ಮಾಸ್ತರರು ನಿವೃತ್ತ ಶಿಕ್ಷಕರು, ಖಾನಾವಳಿಯ ಕಾಯಂ ಗಿರಾಕಿ. ಅವರು ಪೇಪರಿನಿಂದ ತಲೆ ಎತ್ತದೆ, "ಪರೀಕ್ಷಾದಾಗ ಲಗೂ ಪೇಪರ್ ಕೊಟ್ಟು ಬಂದಾವ್ರು ಎಲ್ಲಾರೂ ಫಸ್ಟ್ ಬರಂಗಿಲ್ಲವಾ" ಎಂದರು.

"ಇಷ್ಟ ಲಗೂನ ಹೆಂಗ ಬಂತಕ್ಕ?" ನೀಲಾಂಬಿಕೆ ಕೇಳಿದಳು. ಸ್ಟೆಂಟ್ ಹಾಕಿಸಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

"ಹೆಂಗ ಅಂದ್ರ? ದಿನಾ ಬೆಂಕಿ ಮುಂದ ಕುಂತು ರೊಟ್ಟಿ ಬಡೀತೀನಿ. ನನ್ನ ರಕ್ತ ಮಾಸ್ತರ ರಕ್ತದಂಗ ಪೇಪರ್ ಓದ್ಕೋಂತ ಕುಂದ್ರತೈತೇನು? ರವಿವಾರ ಸೊನ್ನಿ ಊಟ. ಬೆಲ್ಲದ ಮಾದಲಿ ಮಾಡ್ತೀನಿ. ನಿಮ್ಮ ಕಂಪನಿ ಸಾಹೇಬರನ್ನೂ ಕರ್ಕೊಂಡ ಬಾ."

ಅವಳ ಸಂತೋಷಕ್ಕೆ ಕಾರಣವಿತ್ತು. ಆ ಗುಳಿಗೆ ಅವಳಿಗೆ ಸಾಕುಸಾಕಾಗಿತ್ತು. ತೋಳಿಗೆ ಪಾತ್ರೆಯ ಅಂಚು ತಗುಲಿದರೂ ನೀಲಿ ಬಾವು. ಒಂದು ದಿನ ಮೂಗಿನಿಂದ ರಕ್ತ ತೊಟ್ಟಿಕ್ಕಿ ನಾದಿದ ಹಿಟ್ಟಿನ ಮೇಲೆ ಬಿದ್ದು, ಪರಾತದ ಹಿಟ್ಟನ್ನೆಲ್ಲ ಚೆಲ್ಲಿದ್ದಳು. ಅವತ್ತು ಊಟಕ್ಕೆ ಬಂದಿದ್ದ ಇಬ್ಬರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ನೀಲಾಂಬಿಕೆ ನಕ್ಕು ಗಂಟು ಎತ್ತಿಕೊಂಡು ಹೊರಟಳು. ಆದರೆ ದಾರಿಯುದ್ದಕ್ಕೂ ಆ ಸೊನ್ನೆ ಕಣ್ಣ ಮುಂದಿನಿಂದ ಸರಿಯಲಿಲ್ಲ.

ಕಂಪನಿಯಲ್ಲಿ ಅಳತೆ ಕೋಣೆ ಎಂದೊಂದಿದೆ. ಎಲ್ಲರ ಮೀಟರಿನ ಸಂಖ್ಯೆಗಳೂ ಅಲ್ಲಿಗೆ ಬಂದು ಸೇರುತ್ತವೆ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಒಬ್ಬೊಬ್ಬ ರೋಗಿಗೂ ಒಂದು ಗೆರೆ. ಮೇಲಿನಿಂದ ನಿಧಾನವಾಗಿ ಇಳಿಯುವ ಗೆರೆ. ಗೆರೆ ಇಳಿಯದೆ ನಿಂತರೆ ಕೆಂಪು ದೀಪ ಹತ್ತುತ್ತದೆ. ಬೇಗ ಇಳಿದರೆ? ಅದಕ್ಕೆ ಯಾವ ದೀಪವೂ ಇರಲಿಲ್ಲ. ಮದ್ದು ಕುಳಿಯಲ್ಲಿ ಸಿಕ್ಕಿಕೊಂಡೀತು ಎಂದು ಎಲ್ಲರೂ ಹೆದರಿದ್ದರೇ ಹೊರತು, ಬೇಗ ಬರಿದಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ. ಮಾರಾಟ ವಿಭಾಗದವರಂತೂ ಬೇಗ ಸೊನ್ನೆ ಬಂದವರ ಫೋಟೋಗಳನ್ನು ಗೋಡೆಗೆ ಹಾಕಿದ್ದರು.

ನೀಲಾಂಬಿಕೆ ಅಕ್ಕನ ಸ್ಟೆಂಟು ಯಾವ ಕಂತಿನಲ್ಲಿ, ಅಂದರೆ ಯಾವ ಬ್ಯಾಚಿನಲ್ಲಿ, ತಯಾರಾದದ್ದೆಂದು ನೋಡಿ, ಆ ಕಂತಿನ ಗೆರೆಗಳನ್ನಷ್ಟೇ ಪರದೆಗೆ ತಂದಳು. ಇನ್ನೂರು ಚಿಲ್ಲರೆ ಜನರ ಗೆರೆಗಳು ಮೊದಲ ವಾರದಲ್ಲೇ ದೊಪ್ಪನೆ ಅರ್ಧಕ್ಕೆ ಕುಸಿದಿದ್ದವು. ಎಷ್ಟೋ ಗೆರೆಗಳು ಆಗಲೇ ಸೊನ್ನೆ ಮುಟ್ಟಿದ್ದವು. ಅಕ್ಕನದು ಅವುಗಳಲ್ಲೊಂದು.

ಮದ್ದು ಬೇಗ ಹೋದರೇನಾಯಿತು ಎಂದು ಹೊರಗಿನವರಿಗೆ ಅನ್ನಿಸಬಹುದು. ನೀಲಾಂಬಿಕೆಗೆ ಗೊತ್ತಿತ್ತು. ಒಮ್ಮೆಗೇ ಸುರಿದ ಮದ್ದು ನಾಳದ ಗೋಡೆಯನ್ನು ಹದದಲ್ಲಿಡುವುದಿಲ್ಲ. ಹುಟ್ಟಬೇಕಾದ ಹೊಸ ಚರ್ಮವನ್ನೇ ಹುಟ್ಟಗೊಡುವುದಿಲ್ಲ. ಲೋಹ ಬರಿಮೈಯಲ್ಲಿ ರಕ್ತದೊಳಗೆ ನಿಂತಿರುತ್ತದೆ. ಗುಳಿಗೆ ನುಂಗುವವರೆಗೂ ಸರಿ. ಗುಳಿಗೆ ನಿಲ್ಲಿಸಿದರೆ ಆ ಬರಿಮೈ ಲೋಹಕ್ಕೆ ರಕ್ತ ಹೆಪ್ಪುಗಟ್ಟಲು ಬಹಳ ಹೊತ್ತು ಬೇಕಾಗಿಲ್ಲ. ಮೀಟರ್ ತೋರಿಸುವುದು ಮದ್ದು ಹೋಯಿತೆಂಬುದನ್ನು ಮಾತ್ರ. ಗಾಯ ಮಾಯಿತೋ ಇಲ್ಲವೋ ಅದಕ್ಕೇನು ಗೊತ್ತು?

ಪ್ರತಿ ಕಂತಿನ ಕೆಲವು ಸ್ಟೆಂಟುಗಳನ್ನು ಪರೀಕ್ಷೆಗೆಂದು ಮುಚ್ಚಿದ ಪೊಟ್ಟಣದಲ್ಲೇ ಎತ್ತಿಡುತ್ತಾರೆ. ನೀಲಾಂಬಿಕೆ ಒಂದನ್ನು ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮದ್ದು ಕುಳಿಗಳ ಒಳಗೆ ಇಳಿದೇ ಇರಲಿಲ್ಲ. ಹಾಲಿನ ಮೇಲಿನ ಕೆನೆಯಂತೆ ಕುಳಿಗಳ ಬಾಯಿಯ ಮೇಲೆ ಸುಮ್ಮನೆ ಕೂತಿತ್ತು. ಮದ್ದು ಹಾಕುವ ಮೊದಲೇ ಇನ್ನೇನೋ ಕುಳಿಗಳಲ್ಲಿ ತುಂಬಿಕೊಂಡಿತ್ತು. ಅದು ಏನೆಂದು ತಿಳಿಯಲು ಇನ್ನೊಂದು ಸ್ಟೆಂಟನ್ನು ಪರೀಕ್ಷಾ ಯಂತ್ರದಲ್ಲಿ ಬಿಸಿ ಮಾಡಿದಳು. ಮರುದಿನ ಯಂತ್ರ ಹೆಸರು ಹೇಳಿತು.

ಕರ್ಪೂರ.

ಮೊದಲು ಅವಳಿಗೆ ನಗುವೇ ಬಂತು. ಯಂತ್ರ ಕೆಟ್ಟಿದೆ ಅಂದುಕೊಂಡಳು. ಆಮೇಲೆ ಖಂಡೇ ಪೂಜೆ ನೆನಪಾಯಿತು.

ನವರಾತ್ರಿಯ ನವಮಿಯ ದಿನ ಕಬ್ಬಿಣದ ಮೇಲೆ ಕೈಯಾಡಿಸಿ ಬದುಕುವವರೆಲ್ಲ ತಮ್ಮ ತಮ್ಮ ಹತ್ಯಾರಕ್ಕೆ ಪೂಜೆ ಮಾಡುತ್ತಾರೆ. ಕಂಪನಿಯ ಹುಡುಗಿಯರು, ಹುಡುಗರು ಬಂದು, ಯಂತ್ರಕ್ಕೆ ಆರತಿ ಬೆಳಗದೆ ಮದ್ದು ತುಂಬುವ ಕೆಲಸ ಶುರು ಮಾಡುವುದು ಹೇಗೆ ಮೇಡಂ ಎಂದು ಕೇಳಿದ್ದರು. ಧೂಳಿನ ಒಂದು ಕಣವನ್ನೂ ಬಿಟ್ಟುಕೊಳ್ಳದ ಕೋಣೆ ಅದು. ಒಳಗೆ ಬೇಡ ಎಂದು ನೀಲಾಂಬಿಕೆ ಖಡಾಖಂಡಿತವಾಗಿ ಹೇಳಿ, ಹೊರಗೆ ಬಿಳಿ ನಿಲುವಂಗಿ ತೊಟ್ಟುಕೊಳ್ಳುವ ಕೋಣೆಯಲ್ಲಿ ಮಾಡಿ ಎಂದು ಒಪ್ಪಿಗೆ ಕೊಟ್ಟಿದ್ದಳು. ಅದೂ ಸುಮ್ಮನೆ ಕೊಟ್ಟ ಒಪ್ಪಿಗೆಯಲ್ಲ. ಪೂಜೆ ಮುಗಿದ ಮೇಲೆ ಒಳಕೋಣೆಯ ಧೂಳಿನ ಅಳತೆ ತಾನೇ ತೆಗೆದು, ಒಂದು ಕಣವೂ ಹೆಚ್ಚಾಗಿಲ್ಲ ಎಂದು ಎಲ್ಲರಿಗೂ ತೋರಿಸಿದ್ದಳು. ಶಾಸ್ತ್ರವೂ ಆಯಿತು, ವಿಜ್ಞಾನವೂ ಉಳಿಯಿತು ಎಂದು ಹೆಮ್ಮೆ ಪಟ್ಟಿದ್ದಳು. ಉಳಿದ ಕರ್ಪೂರದ ಡಬ್ಬಿಯನ್ನು ಪೂಜೆಯದೆಂದು ಎಸೆಯಲು ಮನಸ್ಸು ಬಾರದೆ, ಹುಳ ಬೀಳದಿರಲಿ ಎಂದು ನಿಲುವಂಗಿಗಳ ಕಪಾಟಿನಲ್ಲಿ ಇಟ್ಟವಳೂ ಅವಳೇ. ಅಕ್ಕನ ಕಂತಿಗೆ ಮದ್ದು ತುಂಬಿದ್ದು ಆ ಪೂಜೆಯ ಮರುದಿನದಿಂದಲೇ.

ಅವಳು ಓಡಿ ಹೋಗಿ ಕಪಾಟು ತೆರೆದಳು. ಡಬ್ಬಿ ಇತ್ತು, ಮುಚ್ಚಳ ಸಡಿಲಾಗಿತ್ತು, ಒಳಗೆ ಏನೂ ಇರಲಿಲ್ಲ. ಕರ್ಪೂರ ಕರಗುವುದಿಲ್ಲ, ಆವಿಯಾಗುತ್ತದೆ. ಗಾಳಿ ಸೋಸುವ ಜಾಲರಿ ಧೂಳನ್ನು ಹಿಡಿಯುತ್ತದೆ, ಆವಿಯನ್ನು ಹಿಡಿಯುವುದಿಲ್ಲ. ನಿಲುವಂಗಿಗಳಿಗೆ ಹತ್ತಿದ ಕರ್ಪೂರ ಅವುಗಳ ಜೊತೆಗೇ ಒಳಗೆ ನಡೆದುಹೋಗಿ, ಮದ್ದಿಗೆ ಕಾಯುತ್ತಾ ತಣ್ಣಗೆ ಕೂತಿದ್ದ ಲೋಹದ ಕುಳಿಗಳನ್ನು ಹುಡುಕಿಕೊಂಡಿತ್ತು. ಎಲ್ಲವೂ ಅವಳಿಗೆ ಗೊತ್ತಿದ್ದ ವಿಷಯಗಳೇ. ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಗೊತ್ತಿದ್ದದ್ದು ಆ ದಿನ ಮಾತ್ರ ಎಲ್ಲಿ ಹೋಗಿತ್ತೋ!

ಕಂಪನಿ ಕಟ್ಟಿದವರು ಡಾಕ್ಟರ್ ಪ್ರಹ್ಲಾದ ಗಲಗಲಿ. ಧಾರವಾಡದವರು, ಮೆತ್ತಗೆ ಮಾತಾಡುವ, ಮಾತಾಡುವಾಗ ಕನ್ನಡಕ ತೆಗೆದು ಒರೆಸುತ್ತಲೇ ಇರುವ ಮನುಷ್ಯ. ಗುರುವಾರ ಮಧ್ಯಾಹ್ನ ಅವರು ಎಲ್ಲವನ್ನೂ ಕೇಳಿಸಿಕೊಂಡರು. ಕನ್ನಡಕ ಒರೆಸುವುದು ಮುಗಿಯಲೇ ಇಲ್ಲ.

"ಕರ್ಪೂರ ಅಂದ್ರ ಜನ ನಗ್ತಾರ, ನೀಲಾಂಬಿಕಾ" ಎಂದರು ಕೊನೆಗೆ. "ನಕ್ಕಮ್ಯಾಲೆ ಹೆದರತಾರ. ಆ ಕಂತಿನವರಷ್ಟೇ ಅಲ್ಲ, ಚೊಲೋ ಸ್ಟೆಂಟ್ ಹಾಕಿಸ್ಕೊಂಡವರೂ ಹೆದರತಾರ. ನಾಳೆ ಎದಿ ನೋವು ಬಂದಾವರು ಸ್ಟೆಂಟೇ ಬ್ಯಾಡ ಅಂತ ಮನ್ಯಾಗ ಕೂತು ಸಾಯ್ತಾರ. ಅದಕ್ಕ ಯಾರು ಜವಾಬು?"

"ಸೊನ್ನಿ ಬಂದವ್ರು ಗುಳಿಗಿ ನಿಲ್ಲಸ್ತಾರ್ರೀ ಸರ್. ಇವತ್ತ ನಿಲ್ಲಸ್ತಾರ."

"ಒಂದ ಯಂತ್ರದ ಮಾತು ಕಟ್ಟಿಕೊಂಡು ಹ್ಯಾಂಗ ಹೇಳೋದು? ಬೆಂಗಳೂರಿನ ಲ್ಯಾಬಿಗೆ ಕಳಿಸೋಣ. ಸೋಮವಾರ ಬರ್ತದ. ಅವರೂ ಹೌದಂದ್ರ ನಾನೇ ಎಲ್ಲಾರಿಗೂ ಹೇಳ್ತೀನಿ. ಅಲ್ಲೀತನಕ ಈ ಮಾತು ಈ ಕೋಣಿ ದಾಟಬಾರದು. ಮನ್ಯಾಗೂ ಹೇಳಬ್ಯಾಡ್ರಿ." ಆಮೇಲೆ ಇನ್ನೊಂದು ಮಾತು ಸೇರಿಸಿದರು. "ಪೂಜಾಕ್ಕ ಒಪ್ಪಿಗಿ ಕೊಟ್ಟಾವರು ಯಾರು ಅಂತ ಮೊದಲ ಕೇಳ್ತಾರ, ಗೊತ್ತದ ಅಲ್ಲ?"

ಅದು ಬೆದರಿಕೆಯಾಗಿರಲಿಲ್ಲ. ಅವರು ಬೆದರಿಸುವ ಮನುಷ್ಯರೂ ಅಲ್ಲ. ಅವಳ ಮೇಲಿನ ಕಾಳಜಿಯಿಂದಲೇ ಹೇಳಿದ್ದರು, ಅದಕ್ಕೇ ಆ ಮಾತು ಹೆಚ್ಚು ಕೆಲಸ ಮಾಡಿತು. ನೀಲಾಂಬಿಕೆ ತಲೆಯಾಡಿಸಿ ಎದ್ದು ಬಂದಳು. ನಿಜ ಹೇಳಬೇಕೆಂದರೆ, ಯಾರೋ ದೊಡ್ಡವರು ತನ್ನ ಬಾಯಿಗೆ ಬೀಗ ಹಾಕಿದ್ದು ಆ ಹೊತ್ತಿಗೆ ಅವಳಿಗೆ ಸಮಾಧಾನವನ್ನೇ ಕೊಟ್ಟಿತು.

ಸಂಜೆ ಅಕ್ಕನಿಗೆ ಫೋನ್ ಮಾಡಿದಳು. ಹಿಂದೆ ಪಾತ್ರೆ ತೊಳೆಯುವ ಸದ್ದು, ಯಾರೋ ಇನ್ನೊಂದು ರೊಟ್ಟಿ ಹಾಕ್ರೀ ಎನ್ನುವ ದನಿ ಕೇಳುತ್ತಿತ್ತು.

"ಅಕ್ಕಾ, ಗುಳಿಗಿ ತಗೊಳ್ಳಾಕತ್ತಿ ಹೌದಿಲ್ಲೋ?"

"ಹ್ಞೂಂ" ಎಂದಳು ದಾಕ್ಷಾಯಣಿ.

"ಸೊನ್ನಿ ಬಂದೈತಿ ಅಂತ ಬಿಡಬ್ಯಾಡ ಮತ್ತ. ಇನ್ನೊಂದೀಟ ದಿನ ತಗೋ."

"ಹ್ಞೂಂ ಅಂದೆನಲ್ಲವಾ. ಬ್ಯಾಳಿ ನೆನಸೂದೈತಿ, ಇಡ್ತೀನಿ."

ಯಾಕೆ ಎಂದು ಅಕ್ಕ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ನೀಲಾಂಬಿಕೆಗೆ ಹಾಯೆನಿಸಿತು. ಆ ಹ್ಞೂಂಕಾರ ಬಲು ಬೇಗ ಬಂತೆಂದು ಅವಳ ಒಳಮನಸ್ಸು ಹೇಳುತ್ತಿತ್ತು. ಮತ್ತೊಂದು ಸಲ ಒತ್ತಿ ಕೇಳಿದರೆ ಕಾರಣ ಹೇಳಬೇಕಾಗುತ್ತಿತ್ತು. ಒತ್ತಿ ಕೇಳಲಿಲ್ಲ. ಶುಕ್ರವಾರ, ಶನಿವಾರ ಮುಂಜಾನೆ ರೊಟ್ಟಿ ಒಯ್ಯಲೂ ಹೋಗಲಿಲ್ಲ; ಅಕ್ಕನ ಮುಖ ನೋಡಿದರೆ ಬಾಯಿ ತಡೆಯುವುದಿಲ್ಲ ಎಂಬ ಹೆದರಿಕೆ.

ಶನಿವಾರ ಗದುಗಿನ ಒಂದು ಆಸ್ಪತ್ರೆಯಿಂದ ಸುದ್ದಿ ಬಂತು. ಅದೇ ಕಂತಿನ ಸ್ಟೆಂಟ್ ಇದ್ದವರೊಬ್ಬರನ್ನು ಸೊನ್ನೆ ಊಟದ ಮಾರನೆಯ ದಿನ ಎದೆನೋವೆಂದು ಕರೆತಂದಿದ್ದರು, ಜೀವ ಉಳಿದಿದೆ. ನೀಲಾಂಬಿಕೆ ಮತ್ತೆ ಗಲಗಲಿಯವರ ಬಾಗಿಲಿಗೆ ಹೋದಳು. ಅವರು ಫೋನಿನಲ್ಲಿದ್ದವರು ಕೈಯಾಡಿಸಿ, ಸೋಮವಾರ, ಸೋಮವಾರ ಎಂದರು. ಅವರ ಮುಖ ಎರಡು ದಿನದಲ್ಲಿ ಇಳಿದುಹೋಗಿತ್ತು. ಅವಳು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು ವಾಪಸು ಬಂದಳು. ಹೇಡಿತನಕ್ಕೆ ಎಷ್ಟು ಒಳ್ಳೆಯ ಹೆಸರುಗಳಿವೆ! ಅವಳು ಅದನ್ನು ತಾಳ್ಮೆ ಎಂದು ಕರೆದುಕೊಂಡಳು.

ರವಿವಾರ ಖಾನಾವಳಿಯ ಮುಂದೆ ಶಾಮಿಯಾನ ಹಾಕಿದ್ದರು. ಓಣಿಯವರೆಲ್ಲ ಸಾಲಾಗಿ ಕೂತಿದ್ದರು. ತಾಟಿಗೆ ಚಟ್ನಿಪುಡಿ, ಎಣ್ಣೆಗಾಯಿ ಬಿದ್ದಾಗಿತ್ತು. ಹುದ್ದಾರ ಮಾಸ್ತರರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಸೋತವನಿಗೂ ಎರಡು ಸಲ ಮಾದಲಿ ಹಾಕಬೇಕೆಂದು ಎಲ್ಲರನ್ನೂ ನಗಿಸುತ್ತಿದ್ದರು. ನೀಲಾಂಬಿಕೆ ನೇರವಾಗಿ ಅಡುಗೆಮನೆಗೆ ನಡೆದಳು.

ದಾಕ್ಷಾಯಣಿ ಹೊಸ ಇಳಕಲ್ ಸೀರೆ ಉಟ್ಟು ಒಲೆಯ ಮುಂದೆ ಕೂತಿದ್ದಳು. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಹಣೆಯ ಬೆವರು ಕುಂಕುಮವನ್ನು ಇಳಿಸಿಕೊಂಡು ಮೂಗಿನವರೆಗೆ ಬಂದಿತ್ತು. ಎಡಗೈಯಿಂದ ದವಡೆಯನ್ನು ಒತ್ತಿ ಹಿಡಿದಿದ್ದಳು.

"ಏನಾತಕ್ಕ?"

"ಏನಿಲ್ಲ. ಹಲ್ಲು ಸೆಳ್ಯಾಕತ್ತೈತಿ. ಒಲಿ ಝಳ ಭಾಳ ಆತು."

"ಅಕ್ಕಾ, ಗುಳಿಗಿ?"

ದಾಕ್ಷಾಯಣಿ ಮುಖ ಆ ಕಡೆ ತಿರುಗಿಸಿದಳು.

"ಗುಳಿಗಿ ತಗೊಂಡಿಯೋ ಇಲ್ಲೋ?"

"ಬುಧವಾರನ ಬಿಟ್ಟೆ. ಸೊನ್ನಿ ಬಂದಮ್ಯಾಲ ಯಾರರೆ ತಗೋತಾರೇನು ಹುಚ್ಚಿ?" ಎಂದು ನಗಲು ಹೋದವಳು ನಗಲಾರದೆ ಗೋಡೆಗೆ ಒರಗಿದಳು.

ನೀಲಾಂಬಿಕೆ ಕಿರುಚಿದ್ದು ಶಾಮಿಯಾನದವರೆಗೆ ಕೇಳಿತು. ತುತ್ತು ಬಾಯಿಗೆ ಹೋಗದೆ ನಿಂತಿತು. ಮಾಸ್ತರರೇ ಮೊದಲು ಎದ್ದು ಬಂದವರು. ಆಂಬುಲೆನ್ಸಿಗೆ ಕಾಯುವುದು ಬೇಡ, ಗಾಡಿ ತೆಗಿರೋ ಎಂದು ಪಕ್ಕದ ಮನೆಯವರಿಗೆ ಕೂಗಿದರು. ನಾಲ್ಕು ಮಂದಿ ದಾಕ್ಷಾಯಣಿಯನ್ನು ಕುರ್ಚಿಯ ಸಮೇತ ಎತ್ತಿ ತಂದರು. ಅಷ್ಟೂ ಜನರ ಮುಂದೆ, ಗಾಡಿಯ ಬಾಗಿಲು ಹಿಡಿದುಕೊಂಡು, ನೀಲಾಂಬಿಕೆ ಆಡಬಾರದೆಂದಿದ್ದ ಮಾತು ಆಡಿಯೇಬಿಟ್ಟಳು.

"ಇಲ್ಲಿ ಯಾರ್ಯಾರಿಗೆ ನಮ್ಮ ಕಂಪನಿ ಸ್ಟೆಂಟ್ ಐತ್ಯೋ ಕೇಳ್ರಿ. ಸೊನ್ನಿ ಬಂದ್ರೂ ಗುಳಿಗಿ ಬಿಡಬ್ಯಾಡ್ರಿ. ಬಿಟ್ಟಿದ್ರ ಈಗ ದವಾಖಾನಿಗೆ ಹೋಗ್ರಿ. ಮದ್ದು ಲಗೂ ಉದುರೈತಿ. ನಮ್ಮ ಕೈಯಾಗ ತಪ್ಪಾಗೈತಿ. ನನ್ನ ಕೈಯಾಗ."

ಮಾಸ್ತರರು ತಮ್ಮ ಅಂಗಿಯ ಕಿಸೆಯ ಮೇಲೆ ಕೈಯಿಟ್ಟುಕೊಂಡು, "ನಂದು ಮೂವತ್ತರಾಗ ಐತಲ್ಲವಾ, ಅದು ಚೊಲೋನ ಕೆಟ್ಟನ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಅವರ ಗೆರೆ ಸರಿಯಾಗಿ ಇಳಿಯುತ್ತಿದೆ ಎಂದು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಹೊರಟಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಫರ್ಹಾನಾ ದಾಕ್ಷಾಯಣಿಯನ್ನು ಕೂಡಲೇ ಒಳಗೆ ಕರೆದೊಯ್ದರು. ಸ್ಟೆಂಟ್ ಹಾಕಿದ್ದವರೂ ಅವರೇ. ನೀಲಾಂಬಿಕೆ ಹೊರಗಿನ ಬೆಂಚಿನಲ್ಲಿ ಕೂತಳು. ಫೋನ್ ತೆಗೆದು ಕಂಪನಿಯ ಅಳತೆ ಕೋಣೆಯ ವ್ಯವಸ್ಥೆಯೊಳಗೆ ಹೋದಳು. ಮೀಟರುಗಳಿಗೆ ಸಂದೇಶ ಕಳಿಸುವ ಅಧಿಕಾರ ವಿಭಾಗದ ಮುಖ್ಯಸ್ಥರಿಗೆಲ್ಲ ಇತ್ತು. ಗಲಗಲಿಯವರ ಒಪ್ಪಿಗೆಯಿಲ್ಲದೆ ಕಳಿಸಬಾರದೆಂಬ ನಿಯಮವೂ ಇತ್ತು. ಅವಳು ಆ ಕಂತಿನ ಅಷ್ಟೂ ಮೀಟರುಗಳಿಂದ ಸಂಖ್ಯೆಯನ್ನು ಅಳಿಸಿ ಅದರ ಜಾಗದಲ್ಲಿ ಬರೆದಳು: ಸೊನ್ನೆ ಬಂದಿದ್ದರೂ ಗುಳಿಗೆ ನಿಲ್ಲಿಸಬೇಡಿ. ನಿಲ್ಲಿಸಿದ್ದರೆ ಈಗಲೇ ಡಾಕ್ಟರನ್ನು ಕಾಣಿ. ತಪ್ಪು ನಮ್ಮದು.

ಕೊನೆಯ ಎರಡು ಪದಗಳನ್ನು ಬರೆಯುವಾಗ ಬೆರಳು ತಡೆಯಲಿಲ್ಲ. ಗುರುವಾರವೇ ಇಷ್ಟು ಸುಲಭವಾಗಿ ಬರೆಯಬಹುದಿತ್ತಲ್ಲ ಎಂದುಕೊಂಡಳು.

ಗಲಗಲಿಯವರ ಫೋನ್ ತಕ್ಷಣ ಬಂತು. "ಏನ್ ಮಾಡಿದ್ರಿ ಗೊತ್ತದ ಏನು?"

"ಗೊತ್ತೈತ್ರೀ ಸರ್. ಎದಿ ನೋವಾಗಿ ಅಕ್ಕನ್ನ ದವಾಖಾನಿ ಒಳಗ ಒಯ್ದಾರ."

ಗಲಗಲಿಯವರ ದನಿ ತಗ್ಗಿತು. "ಸ್ಟೆಂಟ್ ನಮ್ದೇ ಏನು?"

"ಆ ಕಂತಿಂದ ರೀ."

"ನಾನೂ ಬರ್ತೀನಿ" ಎಂದು ಫೋನ್ ಇಟ್ಟರು. ಅವರು ಬಂದರೇನಾಗುತ್ತದೆ, ಬಾರದಿದ್ದರೇನಾಗುತ್ತದೆ ಎಂದು ಯೋಚಿಸುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಡಾಕ್ಟರ್ ಫರ್ಹಾನಾ ಹೊರಬಂದು ಮುಖಗವಸು ಕೆಳಗೆಳೆದರು. "ಜೀವಕ್ಕ ಧೋಕಾ ಇಲ್ಲ" ಎಂದರು ಮೊದಲು. ಆಮೇಲೆ ಅವಳನ್ನು ಒಳಗೆ ಕರೆದು ನಾಳದೊಳಗಿನ ಚಿತ್ರ ತೋರಿಸಿದರು. ಹೆಪ್ಪನ್ನು ಹೀರಿ ತೆಗೆದ ಮೇಲೆ ಸ್ಟೆಂಟು ಸ್ಪಷ್ಟವಾಗಿ ಕಾಣುತ್ತಿತ್ತು. ತಂತಿಗಳು ಕಾರ್ಖಾನೆಯಿಂದ ಹೊರಬಂದ ದಿನದಂತೆಯೇ ಬರಿದಾಗಿದ್ದವು, ಒಂದೆಳೆ ಚರ್ಮವೂ ಹತ್ತಿರಲಿಲ್ಲ. "ಹೃದಯದ ಒಂದ ಭಾಗ ಹೋಗೇತ್ರಿ. ಅದು ತಿರುಗಿ ಬರಂಗಿಲ್ಲ. ಇನ್ನ ಮ್ಯಾಲ ಒಲಿ ಮುಂದ ಕುಂದ್ರೂದು, ರೊಟ್ಟಿ ಬಡಿಯೂದು ಇಲ್ಲ. ಅವರಿಗೆ ನಾನು ಹೇಳ್ಲ್ಯೋ, ನೀವು ಹೇಳ್ತೀರೋ?"

"ನಾನ ಹೇಳ್ತೀನ್ರಿ" ಎಂದಳು ನೀಲಾಂಬಿಕೆ.

ಮರುದಿನ ದಾಕ್ಷಾಯಣಿಯನ್ನು ವಾರ್ಡಿಗೆ ತಂದರು. ಅವಳ ದೊಡ್ಡ ಮೈ ಹಾಸಿಗೆಯಲ್ಲಿ ಸಣ್ಣದಾಗಿ ಕಾಣುತ್ತಿತ್ತು. ರೊಟ್ಟಿಯ ವಿಷಯ ಹೇಳಿದಾಗ ಅವಳು ಅಳಲಿಲ್ಲ. ಅಂಗೈಗಳನ್ನು ತಿರುಗಿಸಿ ಒಂದು ಸಲ ನೋಡಿಕೊಂಡು, ಹೊದಿಕೆಯೊಳಗೆ ಇಟ್ಟುಕೊಂಡಳು. ನೀಲಾಂಬಿಕೆ ಕರ್ಪೂರದಿಂದ ಹಿಡಿದು ಮೀಟರಿನ ಸಂದೇಶದವರೆಗೆ ಎಲ್ಲವನ್ನೂ ಹೇಳಿದಳು. ಬೆಂಗಳೂರಿನ ಲ್ಯಾಬಿನವರೂ ಕರ್ಪೂರವೆಂದೇ ಹೇಳಿದ್ದನ್ನು, ಗಲಗಲಿಯವರು ಮುಂಜಾನೆ ಪತ್ರಿಕೆಯವರ ಮುಂದೆ ಒಪ್ಪಿಕೊಂಡದ್ದನ್ನು, ಸಂದೇಶ ನೋಡಿ ಬಹಳ ಮಂದಿ ಆಸ್ಪತ್ರೆಗಳಿಗೆ ಓಡಿದ್ದನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳೇ ಅತ್ತಳು.

ದಾಕ್ಷಾಯಣಿ ಎಲ್ಲವನ್ನೂ ಕೇಳಿದಳು. ಕರ್ಪೂರದ ಮಾತಿಗೆ ಹುಬ್ಬು ಕೂಡ ಅಲುಗಿಸಲಿಲ್ಲ.

"ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದಳು.

"ಗುರುವಾರ."

"ಗುರುವಾರ ಸಂಜಿಕ ಫೋನ್ ಮಾಡಿದ್ದಿ."

"ಹೌದಕ್ಕ."

"ಆವಾಗ ಗೊತ್ತಿತ್ತು?"

ನೀಲಾಂಬಿಕೆ ತಲೆ ತಗ್ಗಿಸಿದಳು.

"ನಾ ಹ್ಞೂಂ ಅಂದೆ" ಎಂದಳು ದಾಕ್ಷಾಯಣಿ ನಿಧಾನವಾಗಿ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಾಗಿತ್ತು. "ಸುಳ್ಳ ಹೇಳಿದ್ನಿ. ಆ ಗುಳಿಗಿ ನನಗ ಸಾಕಾಗಿತ್ತವಾ. ನನ್ನ ಸುಳ್ಳಿಗೆ ನನಗ ಬಡೀತು, ಅದಕ್ಕ ನಾ ಯಾರ ಮ್ಯಾಲೂ ಸಿಟ್ಟ ಮಾಡಂಗಿಲ್ಲ. ಕರ್ಪೂರ ಹಚ್ಚಿದ್ದಕ್ಕೂ ನಾ ನಿನಗ ಏನೂ ಅನ್ನಂಗಿಲ್ಲ. ದೇವ್ರ ಕೆಲಸಂತ ಮಾಡಿದಿ. ಆದ್ರ ನೀ ಒಂದ ಮಾತ ಹೇಳಿದ್ರ ಆಗ್ತಿತ್ತು. ಅಕ್ಕಾ, ನನ್ನಿಂದ ತಪ್ಪಾಗೈತಿ, ಗುಳಿಗಿ ನುಂಗು ಅಂತ. ನಾ ಬಾಯಿಗೆ ಬಂದಂಗ ಬೈತಿದ್ನಿ. ಬೈದು ನುಂಗತಿದ್ನಿ."

ಸಾಹೇಬರು ಬೇಡ ಎಂದಿದ್ದರು ಎಂಬ ಮಾತು ನಾಲಗೆಯವರೆಗೆ ಬಂದು, ನಾಚಿಕೆಯಿಂದ ಅಲ್ಲೇ ಸತ್ತಿತು. ನೀಲಾಂಬಿಕೆ ಹೊದಿಕೆಯ ಮೇಲಿನಿಂದ ಅಕ್ಕನ ಕೈಯನ್ನು ಮುಟ್ಟಿದಳು. ದಾಕ್ಷಾಯಣಿ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಅಷ್ಟರಲ್ಲಿ ನರ್ಸ್ ಸಣ್ಣ ಬಟ್ಟಲಿನಲ್ಲಿ ಗುಳಿಗೆಗಳನ್ನು ತಂದರು. ಮನೆಯವರು ಹತ್ತಿರ ಇದ್ದಾರಲ್ಲ ಎಂದು ಬಟ್ಟಲನ್ನು ನೀಲಾಂಬಿಕೆಯ ಕಡೆ ಚಾಚಿದರು. ಅವಳು ಕಣ್ಣೊರೆಸಿಕೊಂಡು, ಒಂದು ಕೈಯಲ್ಲಿ ನೀರಿನ ಲೋಟ ಎತ್ತಿಕೊಂಡು, ಇನ್ನೊಂದು ಕೈಯನ್ನು ಬಟ್ಟಲಿಗೆ ಒಡ್ಡಿದಳು.

"ನೀ ಕೊಡಬ್ಯಾಡ" ಎಂದಳು ದಾಕ್ಷಾಯಣಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಕಿ ಕೊಡ್ಲಿ." ಅವಳು ನರ್ಸಿನ ಕಡೆ ತಿರುಗಿದಳು. "ತಂಗೀ, ಇದು ಯಾತರದು, ತಗೊಂಡ್ರ ಏನಾಗತೈತಿ, ಬಿಟ್ರ ಏನಾಗತೈತಿ, ಎಲ್ಲಾ ಹೇಳಿ ಕೊಡವಾ."

ನರ್ಸ್ ಒಂದೊಂದೇ ಗುಳಿಗೆಯನ್ನು ತೋರಿಸಿ ಹೇಳತೊಡಗಿದರು. ದಾಕ್ಷಾಯಣಿ ಪರೀಕ್ಷೆಗೆ ಕೂತವಳಂತೆ ಕಿವಿಗೊಟ್ಟು ಕೇಳಿದಳು. ನೀಲಾಂಬಿಕೆ ನೀರಿನ ಲೋಟ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು.